ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮದು

ಮಳೆ ಊರಿನ ಎಲ್ಲರ ಹೊಲಕ್ಕೂ ಒಂದೇ ದಿನ ಬೀಳುತ್ತದೆ. ಹಾಗಾಗಿ ಹದವೂ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಹದ ಬಂತೆಂದರೆ ಊರಲ್ಲೆಲ್ಲ ಒಂದೇ ವಿಚಾರಣೆ: “ಟ್ರ್ಯಾಕ್ಟರ್ ಯಾರ ಹೊಲದಲ್ಲಿದೆ? ನಮ್ಮ ಕಡೆ ಯಾವಾಗ ಬರುತ್ತಂತೆ?” ಚಹಾದಂಗಡಿಯಲ್ಲಿ ಇದೇ ಮಾತು, ಹಾಲಿನ ಡೇರಿಯ ಸಾಲಿನಲ್ಲೂ ಇದೇ ಮಾತು. ಮಸಾರಿ ಭೂಮಿಯಾದರೆ ಹದ ಎರಡು ಬಿಸಿಲಿಗೆ ಆರಿಹೋಗುತ್ತದೆ. ಎರೆ ಭೂಮಿ ಮೊದಲು ಒಳಗೆ ಕಾಲಿಡಲು ಬಿಡುವುದಿಲ್ಲ, ಆಮೇಲೆ ಬಿರಿದು ಗಟ್ಟಿಯಾಗಿ ನೇಗಿಲಿಗೆ ಬಗ್ಗುವುದಿಲ್ಲ. ನಡುವೆ ಸಿಗುವ ನಾಲ್ಕಾರು ದಿನಗಳಲ್ಲಿ ಇಡೀ ಊರು ಉತ್ತು ಬಿತ್ತಿ ಮುಗಿಸಬೇಕು.

ಬೇಸಾಯದ ಖರ್ಚು ಎಂದಾಗ ನಾವು ಬೀಜ, ಗೊಬ್ಬರ, ಔಷಧಿ, ಕೂಲಿ ಎಂದು ಬೆರಳು ಮಡಿಸುತ್ತೇವೆ. ಕಾಯುವುದಕ್ಕೂ ಒಂದು ಖರ್ಚಿದೆ. ಅದನ್ನು ಯಾರೂ ಬರೆದಿಡುವುದಿಲ್ಲ. ಒಂದು ವಾರ ತಡವಾಗಿ ಬಿತ್ತಿದ ಪೈರು ತೆನೆ ಕಟ್ಟುವ ಹೊತ್ತಿಗೆ ಮಳೆ ಹಿಂದೆ ಸರಿದಿರಬಹುದು. ಎರಡು ದಿನ ತಡವಾಗಿ ಕೊಯ್ದ ಭತ್ತ ಗದ್ದೆಯಲ್ಲೇ ಉದುರಬಹುದು. ಹೀಗೆ ಕೈ ಸುಟ್ಟುಕೊಂಡ ರೈತ ಒಂದು ದಿನ ನಿರ್ಧಾರ ಮಾಡುತ್ತಾನೆ: ಇನ್ನೊಬ್ಬರ ಬಾಗಿಲು ಕಾಯುವುದು ಸಾಕು, ಸಾಲವಾದರೂ ಸರಿ, ಸ್ವಂತದ್ದೇ ಒಂದು ಟ್ರ್ಯಾಕ್ಟರ್ ತರುತ್ತೇನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹದ ತಪ್ಪಿದವನ ಸಂಕಟ ಅಂಥದ್ದು.

ಆದರೆ ಒಂದು ಲೆಕ್ಕ ನೋಡೋಣ. ಟ್ರ್ಯಾಕ್ಟರ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಾದರೆ ವರ್ಷಕ್ಕೆ ಸುಮಾರು 1000 ಗಂಟೆ ಓಡಬೇಕು ಎಂದು ಕೃಷಿ ಎಂಜಿನಿಯರುಗಳು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ 1.08 ಹೆಕ್ಟೇರ್, ಅಂದರೆ ಎರಡೂವರೆ ಎಕರೆಯ ಹತ್ತಿರ. ನೂರು ಹಿಡುವಳಿಗಳಲ್ಲಿ 86 ಸಣ್ಣ ಮತ್ತು ಅತಿ ಸಣ್ಣ ರೈತರವು. ಎರಡೂವರೆ ಎಕರೆಗೆ ರೋಟಾವೇಟರ್ ಹೊಡೆಯಲು ಅರ್ಧ ದಿನ ಸಾಕು. ಉಳುಮೆ, ಹರಗುವುದು, ಗೊಬ್ಬರ ಸಾಗಿಸುವುದು, ಎರಡು ಬೆಳೆ, ಎಲ್ಲ ಸೇರಿಸಿ ಎಷ್ಟೇ ಧಾರಾಳವಾಗಿ ಬರೆದರೂ ಐವತ್ತು, ಅರವತ್ತು ಗಂಟೆ ದಾಟುವುದು ಕಷ್ಟ. ಉಳಿದ ಒಂಬೈನೂರು ಚಿಲ್ಲರೆ ಗಂಟೆ ಅದು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುತ್ತದೆ. ಅದು ನಿಂತಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಕೊಯ್ಲು ಯಂತ್ರದ ಕತೆ ಇನ್ನೂ ಕಠಿಣ. ಬೆಲೆ ಇಪ್ಪತ್ತು ಲಕ್ಷ ದಾಟುತ್ತದೆ, ಕೆಲಸ ಇರುವುದು ವರ್ಷಕ್ಕೆ ಕೆಲವೇ ವಾರ.

ಹತ್ತಿಪ್ಪತ್ತು ಮನೆಯವರು ಸೇರಿ ಒಂದನ್ನು ತಂದುಕೊಂಡರೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಒಬ್ಬೊಬ್ಬರ ಮೇಲೆ ಬೀಳುವ ಬಂಡವಾಳ ಕಡಿಮೆ, ಯಂತ್ರ ದುಡಿಯುವ ಗಂಟೆ ಹೆಚ್ಚು. ಒಬ್ಬನ ಕೈಗೆ ಎಟುಕದ ನಾಟಿ ಯಂತ್ರ, ಲೇಸರ್ ಬಳಸಿ ಗದ್ದೆ ಸಮತಟ್ಟು ಮಾಡುವ ಯಂತ್ರ ಇವೆಲ್ಲ ಎಟುಕುತ್ತವೆ. ಇದನ್ನು ಕೂಡಲೇ ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ, ಅಲ್ಲಿಗೆ ಸಭೆ ಮೌನವಾಗುತ್ತದೆ: “ಎಲ್ಲರಿಗೂ ಒಂದೇ ದಿನ ಬೇಕಲ್ಲ, ಮೊದಲು ಯಾರಿಗೆ?”

ಯಂತ್ರ ಹಂಚಿಕೊಳ್ಳುವುದು ಸುಲಭ. ಕಷ್ಟ ಇರುವುದು ಸರದಿ ಹಂಚಿಕೊಳ್ಳುವುದರಲ್ಲಿ. ಕೃಷಿ ಸಹಕಾರದ ಎಲ್ಲ ಸೋಲು ಗೆಲುವು ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಸಮಾಧಾನದ ಸಂಗತಿಯೆಂದರೆ, ಸರದಿಯ ವಿದ್ಯೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ.

ಮುಯ್ಯಾಳು ಪದ್ಧತಿಯನ್ನೇ ನೋಡಿ. ನಾಟಿಗೆ ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಮೂರು ಜನ ಬಂದರೆ, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಮೂರು ಜನ. ಊಟ ಗದ್ದೆಯವರದು. ಕೂಲಿಯ ಮಾತಿಲ್ಲ. ಲೆಕ್ಕ ಬರೆಯುವ ಪುಸ್ತಕವೂ ಇಲ್ಲ, ಆದರೆ ಯಾರ ಮನೆಗೆ ಎಷ್ಟು ಆಳು ಬಾಕಿ ಎಂಬುದು ಮನೆಯ ಹೆಂಗಸರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಒಂದೇ ಎತ್ತು ಉಳ್ಳ ಇಬ್ಬರು ರೈತರು ಸೇರಿ ಜೋಡಿ ಕಟ್ಟಿಕೊಂಡು, ಒಂದು ದಿನ ಇವರ ಹೊಲ ಒಂದು ದಿನ ಅವರ ಹೊಲ ಎಂದು ಉಳುತ್ತಿದ್ದರು. ಮಲೆನಾಡಿನಲ್ಲಿ ಆಲೆಮನೆ ಇನ್ನೊಂದು ಉದಾಹರಣೆ. ಕಬ್ಬು ಅರೆಯುವ ಗಾಣ, ಅದನ್ನು ತಿರುಗಿಸುವ ಕೋಣ, ರಸ ಕಾಯಿಸುವ ದೊಡ್ಡ ಕೊಪ್ಪರಿಗೆ, ಇಷ್ಟನ್ನು ಪ್ರತಿ ಮನೆಯೂ ಇಟ್ಟುಕೊಳ್ಳಲು ಸಾಧ್ಯವೇ ಇರಲಿಲ್ಲ. ನಾಲ್ಕು ಮನೆಯವರು ಒಂದು ಕಡೆ ಆಲೆ ಹೂಡಿ, ಸರದಿಯಂತೆ ತಮ್ಮ ತಮ್ಮ ಕಬ್ಬು ತಂದು ಅರೆಸುತ್ತಿದ್ದರು. ಕಡಿದ ಕಬ್ಬು ಕಾಯುವುದಿಲ್ಲ, ಒಣಗಿದರೆ ಬೆಲ್ಲ ಇಳಿಯುವುದು ಕಡಿಮೆಯಾಗುತ್ತದೆ. ಹಾಗಾಗಿ ನಾಳೆ ಯಾರ ಆಲೆ ಎಂದು ಗೊತ್ತಾದ ಮೇಲೆಯೇ ಗದ್ದೆಯಲ್ಲಿ ಕತ್ತಿ ಆಡುತ್ತಿತ್ತು. ಕೊಪ್ಪರಿಗೆಯ ಹದ ನೋಡಿ ಬೆಲ್ಲ ಇಳಿಸುವ ಕೈ ಊರಿಗೆ ಒಂದೋ ಎರಡೋ. ಅವರ ಕೌಶಲವನ್ನೂ ಊರು ಹಂಚಿಕೊಳ್ಳುತ್ತಿತ್ತು. ಆಲೆಮನೆಗೆ ಬಂದವರಿಗೆ, ಗುರುತಿರಲಿ ಇಲ್ಲದಿರಲಿ, ಚೊಂಬು ತುಂಬ ಹಾಲು ಕೊಡದೆ ಕಳಿಸುವ ಪದ್ಧತಿ ಇಲ್ಲ. ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲು ಎಂದೇ ಹೇಳುವುದು.

ಬಯಲು ಸೀಮೆಯ ಕೆರೆಗಳ ಕಡೆ ನೀರುಗಂಟಿ ಎಂಬವನಿರುತ್ತಿದ್ದ. ಕೋಲಾರ, ತುಮಕೂರು ಕಡೆ ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತಿರುಗಿಸುವುದು ಅವನ ಕೆಲಸವಾಗಿತ್ತು. ಗದ್ದೆಯ ಯಜಮಾನ ಎಷ್ಟೇ ದೊಡ್ಡವನಾಗಿರಲಿ, ತೂಬಿಗೆ ತಾನು ಕೈ ಹಾಕುವಂತಿರಲಿಲ್ಲ. ಸುಗ್ಗಿಯಲ್ಲಿ ಎಲ್ಲರೂ ನೀರುಗಂಟಿಗೆ ಧಾನ್ಯ ಅಳೆಯುತ್ತಿದ್ದರು. ಕೆರೆಯಲ್ಲಿ ನೀರು ಕಡಿಮೆ ಇದ್ದ ವರ್ಷವೇ ಅವನ ನಿಜವಾದ ಪರೀಕ್ಷೆ. ಸರದಿ ನೋಡಿಕೊಳ್ಳುವುದಕ್ಕೆಂದೇ ಒಬ್ಬ ಮನುಷ್ಯನನ್ನು ನೇಮಿಸಿ, ಅವನ ಹೊಟ್ಟೆಪಾಡಿಗೆ ಊರೇ ಹೊಣೆಯಾಗುವುದು ಎಂಥ ಘನವಾದ ವಿವೇಕ! ಇಂದಿನ ಯಂತ್ರದ ಸಂಘಕ್ಕೆ ಟ್ರ್ಯಾಕ್ಟರ್‌ಗಿಂತ ಮೊದಲು ಬೇಕಾದವನು ಇಂಥ ಒಬ್ಬ ನೀರುಗಂಟಿ.

ಹಳೆಯದನ್ನು ಹೊಗಳುವಾಗ ಒಂದು ನಿಜ ಮರೆಯಬಾರದು. ಮುಯ್ಯಾಳು ನಡೆಯುತ್ತಿದ್ದುದು ಭೂಮಿ ಇದ್ದವರ ನಡುವೆ. ಗದ್ದೆಯೇ ಇಲ್ಲದ ಮನೆಯವರು ಯಾರ ಮುಯ್ಯನ್ನು ತಿರುಗಿ ಪಡೆಯಬೇಕು? ಅವರಿಗೆ ದಕ್ಕಿದ್ದು ದುಡಿತ ಮಾತ್ರ. ನಗದು ಕೂಲಿ ಬಂದದ್ದು, ಕೂಲಿ ಏರಿದ್ದು, ಮಕ್ಕಳು ಓದಿ ಪೇಟೆಯ ಕೆಲಸ ಹಿಡಿದದ್ದು ಅವರ ಪಾಲಿಗೆ ದೊಡ್ಡ ಬಿಡುಗಡೆ. ಈಗ ಹೊಸದಾಗಿ ಕಟ್ಟುವ ಸಹಕಾರದಲ್ಲಿ ಅವರೂ ಷೇರುದಾರರಾಗಿರಬೇಕು, ಯಂತ್ರದ ಸೀಟಿನ ಮೇಲೆ ಅವರ ಮಕ್ಕಳೇ ಕೂರಬೇಕು. ಇದನ್ನು ಬಿಟ್ಟು ಕಟ್ಟಿದ ಸಂಘ ಅರ್ಧ ಊರಿನ ಸಂಘವಾದೀತು.

ಸಂಘ ಕಟ್ಟುವ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು. ಸಹಕಾರದ ಕಾಯ್ದೆ ಬಂದು ಆಗ ಒಂದೇ ವರ್ಷವಾಗಿತ್ತು. ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಂಘಗಳ ಸಾಲಿನಲ್ಲಿ ಅದರ ಹೆಸರಿದೆ. ಸಾಲಕ್ಕೆ ಒಂದಾದೆವು, ಗೊಬ್ಬರಕ್ಕೆ ಒಂದಾದೆವು, ಅಡಿಕೆ ಮಾರಲು ಒಂದಾದೆವು, ಹಾಲಿಗಂತೂ ಊರೂರಿಗೆ ಡೇರಿ ಬಂತು. ಹಾಗಿದ್ದೂ ಯಂತ್ರದ ವಿಷಯಕ್ಕೆ ಬಂದಾಗ ಯಾಕೆ ಹಿಂಜರಿಯುತ್ತೇವೆ? ಡೇರಿಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಲು ಅಳೆಯುತ್ತಾರೆ; ನಂಬಿಕೆ ದಿನಕ್ಕೆ ಎರಡು ಸಲ ಬೆಳೆಯುತ್ತದೆ. ನನ್ನ ಹಾಲು ಹೋದರೆ ನಿಮ್ಮ ಹಾಲಿಗೆ ಅಡ್ಡಿಯಿಲ್ಲ. ಯಂತ್ರ ಹಾಗಲ್ಲ. ಅದು ನಿಮ್ಮ ಗದ್ದೆಯಲ್ಲಿದ್ದರೆ ನನ್ನ ಗದ್ದೆಯಲ್ಲಿ ಇಲ್ಲ. ವರ್ಷವೆಲ್ಲ ಸ್ನೇಹದಿಂದಿದ್ದು ಹದದ ಆ ನಾಲ್ಕಾರು ದಿನದಲ್ಲಿ ಮನಸ್ಸು ಕೆಡುತ್ತದೆ. ಆದ್ದರಿಂದ ಹಾಲಿನ ಸಂಘಕ್ಕೆ ಸಾಕಾಗುವ ನಿಯಮ ಯಂತ್ರದ ಸಂಘಕ್ಕೆ ಸಾಲದು.

ಈ ಗಂಟನ್ನು ಬೇರೆಯವರು ಹೇಗೆ ಬಿಡಿಸಿದರು? ಎರಡನೆಯ ಮಹಾಯುದ್ಧ ಮುಗಿದಾಗ ಫ್ರಾನ್ಸಿನಲ್ಲಿ ಟ್ರ್ಯಾಕ್ಟರ್ ಅಪರೂಪದ ವಸ್ತುವಾಗಿತ್ತು. 1945ರಲ್ಲಿ ಅಲ್ಲಿನ ಸಹಕಾರ ಕಾನೂನಿನ ಅಡಿ ‘ಕ್ಯೂಮಾ’ ಎಂಬ ಸಂಘಗಳು ಹುಟ್ಟಿಕೊಂಡವು. ಕೃಷಿ ಯಂತ್ರಗಳನ್ನು ಒಟ್ಟಿಗೆ ಬಳಸುವುದೇ ಅವುಗಳ ಉದ್ದೇಶ. ನಾಲ್ಕು ಜನ ರೈತರಿದ್ದರೆ ಸಾಕು, ಸಂಘವಾಗುತ್ತದೆ. ಈಗ ಆ ದೇಶದಲ್ಲಿ ಇಂಥ ಸುಮಾರು ಹತ್ತು ಸಾವಿರ ಸಂಘಗಳಿವೆ. ಅವರ ನಿಯಮದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು: ಯಂತ್ರ ಕೊಳ್ಳುವ ಮೊದಲೇ ಪ್ರತಿ ಸದಸ್ಯನೂ ತಾನು ಇಷ್ಟು ಹೆಕ್ಟೇರಿಗೆ ಅಥವಾ ಇಷ್ಟು ಗಂಟೆ ಇದನ್ನು ಬಳಸುತ್ತೇನೆ ಎಂದು ಮಾತು ಕೊಡಬೇಕು, ಅದಕ್ಕೆ ತಕ್ಕ ಷೇರು ಹಣ ಕಟ್ಟಬೇಕು. ಎಲ್ಲರ ಗಂಟೆ ಕೂಡಿಸಿ ನೋಡಿ, ಸಾಲುತ್ತದೆ ಎಂದಾದರೆ ಮಾತ್ರ ಯಂತ್ರ ಬರುತ್ತದೆ. ಎಷ್ಟೋ ಕಡೆ ಇದರ ಜೊತೆಗೆ ಕೆಲಸದ ಬ್ಯಾಂಕನ್ನೂ ನಡೆಸುತ್ತಾರೆ. ಒಬ್ಬ ತನ್ನ ಟ್ರ್ಯಾಕ್ಟರ್ ತಂದರೆ ಇಷ್ಟು ಅಂಕ, ಮೈಮುರಿದು ದುಡಿದರೆ ಗಂಟೆಗೆ ಇಷ್ಟು ಅಂಕ. ವರ್ಷದ ಕೊನೆಗೆ ಕೊಟ್ಟದ್ದು ಪಡೆದದ್ದು ತಾಳೆ ನೋಡಿ, ವ್ಯತ್ಯಾಸ ಇದ್ದರೆ ಅಷ್ಟಕ್ಕೆ ಮಾತ್ರ ಹಣ ಕೈ ಬದಲಾಗುತ್ತದೆ. ಪುಸ್ತಕಕ್ಕೆ ಏರಿದ ಮುಯ್ಯಾಳು ಇದು.

ಜರ್ಮನಿಯ ಬವೇರಿಯಾದಲ್ಲಿ ದಾರಿ ಸ್ವಲ್ಪ ಬೇರೆ. ಎರಿಕ್ ಗೈಯರ್ಸ್‌ಬರ್ಗರ್ ಎಂಬವರು ಅಲ್ಲಿನ ರೇಡಿಯೋದಲ್ಲಿ ಕೃಷಿ ಕಾರ್ಯಕ್ರಮ ನಡೆಸುತ್ತಿದ್ದರು. ಪ್ರತಿಯೊಬ್ಬ ಸಣ್ಣ ರೈತನೂ ಪ್ರತಿ ಯಂತ್ರವನ್ನೂ ಕೊಂಡು ಸಾಲದಲ್ಲಿ ಮುಳುಗುವುದನ್ನು ಕಂಡು, ಇದ್ದ ಯಂತ್ರಗಳನ್ನೇ ಪರಸ್ಪರ ಒದಗಿಸಿಕೊಳ್ಳುವ ಬಳಗ ಕಟ್ಟಬಹುದು ಎಂದು ಹೇಳಿದರು. 1958ರಲ್ಲಿ ಬುಖ್‌ಹೋಫೆನ್ ಎಂಬ ಹಳ್ಳಿಯಲ್ಲಿ ಮೊದಲ ಬಳಗ ಶುರುವಾಯಿತು. ಯಂತ್ರ ಆಯಾ ರೈತನದೇ. ಯಾರಿಗೆ ಏನು ಬೇಕು, ಯಾರ ಬಳಿ ಏನು ಖಾಲಿ ಇದೆ ಎಂದು ಹೊಂದಿಸುವುದು ಬಳಗದ ವ್ಯವಸ್ಥಾಪಕನ ಕೆಲಸ. ನೋಡಿ, ಅಲ್ಲಿಯೂ ಒಬ್ಬ ನೀರುಗಂಟಿ! ಮುಂದೆ ಈ ಬಳಗಗಳು ಆಳಿನ ಸಹಾಯವನ್ನೂ ಸೇರಿಸಿಕೊಂಡವು. ರೈತ ಕಾಯಿಲೆ ಬಿದ್ದರೆ, ಕೈಕಾಲು ಮುರಿದುಕೊಂಡರೆ, ಹಸು ಕರೆಯಲು, ಮೇವು ಹಾಕಲು ಅನುಭವವಿರುವ ಒಬ್ಬರು ಆ ಮನೆಗೆ ಬರುತ್ತಾರೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಕೊಟ್ಟಿಗೆಯ ದನಗಳ ಚಿಂತೆ ಮಾಡುವ ನಮ್ಮ ಎಷ್ಟು ಜನ ರೈತರಿಗೆ ಇಂಥ ಒಂದು ಆಸರೆ ಬೇಕಾಗಿದೆ!

ನಮ್ಮಲ್ಲೂ ಬೀಜ ಬಿದ್ದಿದೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಪ್ರಗತಿಬಂಧು’ ಗುಂಪುಗಳಲ್ಲಿ ಐದರಿಂದ ಎಂಟು ಜನ ಸಣ್ಣ ರೈತರು ಸೇರಿ, ವಾರಕ್ಕೊಂದು ದಿನ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುತ್ತಾರೆ. ಮುಂದಿನ ವಾರ ಇನ್ನೊಬ್ಬರ ಜಮೀನು. ಒಬ್ಬನೇ ನಿಂತು ಎರಡು ತಿಂಗಳು ಅಗೆಯಬೇಕಾದ ಗುಡ್ಡದ ತುಂಡು ಹೀಗೆ ತೋಟವಾಗಿ ಬಿಡುತ್ತದೆ. ಸರ್ಕಾರದ ‘ಕೃಷಿ ಯಂತ್ರಧಾರೆ’ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರ ಕೊಡುತ್ತಿವೆ. ಅಡಿಕೆ ನಾಡಿನಲ್ಲಿ ಮರ ಹತ್ತುವವರೇ ಸಿಗದೆ, ಕೊಳೆರೋಗಕ್ಕೆ ಮಳೆಗೆ ಮೊದಲು ಬೋರ್ಡೋ ದ್ರಾವಣ ಹೊಡೆಯುವ ಕೆಲವೇ ದಿನಗಳಲ್ಲಿ ಊರೆಲ್ಲ ಒಬ್ಬನ ಹಿಂದೆ ಓಡುವ ಸ್ಥಿತಿ ಬಂದಾಗ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ ಮುಂದೆ ನಿಂತು ಅಡಿಕೆ ಕೌಶಲ್ಯ ಪಡೆಯ ತರಬೇತಿ ಶಿಬಿರ ನಡೆಸಿತು. ಕೇರಳದ ತ್ರಿಶೂರು ಜಿಲ್ಲೆಯ ವಡಕ್ಕಾಂಚೇರಿಯಲ್ಲಿ ‘ಹಸಿರು ಸೇನೆ’ ಎಂಬ ಕಾರ್ಮಿಕರ ಪಡೆ ಕಟ್ಟಿ, ಹೆಂಗಸರಿಗೂ ನಾಟಿ ಯಂತ್ರ ಓಡಿಸಲು ಕಲಿಸಿದರು. ಬಗ್ಗಿ ಬಗ್ಗಿ ಸೊಂಟ ಹೋದ ಕೆಲಸವನ್ನು ನೆಟ್ಟಗೆ ಕೂತು ಮಾಡುವ ಗೌರವ, ಅದಕ್ಕೆ ಕುಶಲ ಕೆಲಸದ ಕೂಲಿ. ಯಂತ್ರ ಬಂದರೆ ಕೂಲಿಯವರ ಗತಿ ಏನು ಎಂಬ ಪ್ರಶ್ನೆಗೆ ನಾನು ಕಂಡ ಒಳ್ಳೆಯ ಉತ್ತರ ಇದು.

ನಾಟಿ ಯಂತ್ರದ ಮಾತು ಬಂತು, ಸ್ವಲ್ಪ ಅಲ್ಲೇ ನಿಲ್ಲೋಣ. ಯಂತ್ರವೊಂದನ್ನೇ ಹಂಚಿಕೊಂಡು ದುಡಿಮೆಯನ್ನು ಹಂಚಿಕೊಳ್ಳದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಚೆನ್ನಾದ ಪಾಠವಿಲ್ಲ. ಕೈನಾಟಿಗೆ ಎಕರೆಗೆ ಹತ್ತು ಹನ್ನೆರಡು ಆಳು ಬೇಕು. ಎಂಟು ಸಾಲಿನ ಯಂತ್ರ ದಿನಕ್ಕೆ ಮೂರು ನಾಲ್ಕು ಎಕರೆ ನೆಟ್ಟುಬಿಡುತ್ತದೆ. ಆದರೆ ಅದಕ್ಕೆ ಕಿತ್ತು ಕಟ್ಟಿದ ಸಸಿ ಆಗದು, ಟ್ರೇಯಲ್ಲಿ ಚಾಪೆಯಂತೆ ಬೆಳೆಸಿದ ಸಸಿ ಬೇಕು. ಆ ಸಸಿಯ ವಯಸ್ಸು ಹದಿನೈದರಿಂದ ಇಪ್ಪತ್ತು ದಿನದೊಳಗಿರಬೇಕು. ದಾಟಿದರೆ ಬೇರು ಹೆಣೆದುಕೊಂಡು ಯಂತ್ರದ ಬೆರಳಿಗೆ ಬಿಡಿಬಿಡಿಯಾಗಿ ಸಿಗುವುದಿಲ್ಲ. ಹಾಗಾದರೆ ಇಪ್ಪತ್ತು ಮನೆಯವರು ಒಂದೇ ದಿನ ಸಸಿಮಡಿ ಹಾಕಿದರೆ, ಯಂತ್ರ ಹತ್ತನೆಯ ಮನೆ ಮುಟ್ಟುವ ಹೊತ್ತಿಗೆ ಉಳಿದವರ ಸಸಿ ಬಲಿತಿರುತ್ತದೆ. ಆದ್ದರಿಂದ ಸಸಿಮಡಿಯ ದಿನವನ್ನೇ ಸರದಿಯಲ್ಲಿ ಹಂಚಬೇಕು. ಮಣ್ಣು ಜರಡಿ ಹಿಡಿದು ಟ್ರೇ ತುಂಬುವ, ಬೀಜ ಚೆಲ್ಲುವ, ನೀರು ಹನಿಸುವ ಕೆಲಸವನ್ನು ಒಂದೇ ಅಂಗಳದಲ್ಲಿ ಎಲ್ಲರೂ ಸೇರಿ ಮಾಡಬೇಕು. ಗದ್ದೆಗೆ ಯಂತ್ರ ಇಳಿಯುವ ಇಪ್ಪತ್ತು ದಿನ ಮೊದಲೇ ಸಹಕಾರ ಶುರುವಾಗಿರಬೇಕು.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಗದ್ದೆ ಬಯಲುಗಳಲ್ಲಿ ಪ್ರತಿ ಗದ್ದೆಗೂ ರಸ್ತೆಯಿಲ್ಲ. ನಾಟಿಯ ಹೊತ್ತಿಗೆ ಯಂತ್ರ ಬಯಲಿನ ಒಳತುದಿಯಿಂದ ನೆಡುತ್ತಾ ರಸ್ತೆಯ ಕಡೆಗೆ ಬರಬೇಕು. ರಸ್ತೆ ಬದಿಯ ಗದ್ದೆ ಮೊದಲು ನೆಟ್ಟರೆ ಆಮೇಲೆ ಅದನ್ನು ತುಳಿಯದೆ ಒಳಗೆ ಹೋಗುವುದು ಹೇಗೆ? ಕೊಯ್ಲಿಗೆ ಇದು ತಿರುವು ಮುರುವು. ರಸ್ತೆ ಬದಿಯ ಗದ್ದೆ ಮೊದಲು ಕಟಾವಾದರೆ ತಾನೇ ಒಳಗಿನ ಗದ್ದೆಗೆ ದಾರಿ? ಅಂದಮೇಲೆ ನಾಟಿಯಲ್ಲಿ ಮೊದಲಿಗನಾದವನು ಕೊಯ್ಲಿನಲ್ಲಿ ಕೊನೆಯವನು, ನಾಟಿಗೆ ಕಾದವನಿಗೆ ಕೊಯ್ಲಿನಲ್ಲಿ ಮೊದಲ ಸರದಿ. ಒಳಗಿನವರು ಒಂದು ವಾರ ತಡವಾಗಿ ಬಲಿಯುವ ತಳಿ ಹಾಕಿಕೊಂಡರೆ ಯಾರ ಪೈರೂ ಉದುರುವುದಿಲ್ಲ. ಬಯಲಿನ ನೆಲವೇ ನ್ಯಾಯ ಬರೆದಿಟ್ಟಿದೆ, ನಾವು ಒಟ್ಟಿಗೆ ಕೂತು ಓದಿಕೊಳ್ಳಬೇಕು ಅಷ್ಟೆ. ಒಬ್ಬೊಬ್ಬರೇ ಫೋನು ಮಾಡಿ ಬಾಡಿಗೆ ಯಂತ್ರ ಕರೆಸಿದರೆ ಈ ನ್ಯಾಯ ಯಾರ ಕಣ್ಣಿಗೂ ಬೀಳದು. ಯಂತ್ರ ಇಲ್ಲೊಂದು ಗದ್ದೆ ಅಲ್ಲೊಂದು ಗದ್ದೆ ಎಂದು ಓಡಾಡಿ ಡೀಸೆಲ್ ಸುಡುತ್ತದೆ, ಆ ಡೀಸೆಲಿನ ದುಡ್ಡೂ ನಮ್ಮದೇ.

ಸಂಘದ ಯಂತ್ರ ಕೆಟ್ಟು ಮೂಲೆ ಸೇರುವುದನ್ನು ಹಲವೆಡೆ ಕಂಡಿದ್ದೇವೆ. ಎಲ್ಲರದ್ದೂ ಆದದ್ದನ್ನು ಯಾರೂ ತೊಳೆಯುವುದಿಲ್ಲ ಎಂಬ ದೂರು ನಿಜ. ಇದಕ್ಕೆ ಮದ್ದು ಉಪದೇಶವಲ್ಲ, ಕಟ್ಟುಪಾಡು. ಓಡಿಸುವವನು ಒಬ್ಬನೇ ಇರಬೇಕು, ಅವನಿಗೆ ಸಂಬಳ ಇರಬೇಕು. ಗಂಟೆಯ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು. ಒಂದು ಗದ್ದೆಯ ಕಳೆಬೀಜ ಇನ್ನೊಂದಕ್ಕೆ ಹೋಗದಂತೆ ತೊಳೆದೇ ಯಂತ್ರ ಮುಂದೆ ಹೋಗಬೇಕು. ಬಾಡಿಗೆಯಲ್ಲಿ ಒಂದು ಪಾಲು ಸವಕಳಿಗೆಂದು ಬೇರೆ ಖಾತೆಗೆ ಬೀಳಬೇಕು. ಅಧ್ಯಕ್ಷರ ಗದ್ದೆಗೂ ಬಡ ವಿಧವೆಯ ಗದ್ದೆಗೂ ಒಂದೇ ದರ, ಒಂದೇ ಸಾಲು. ಈ ಕೊನೆಯದು ತಪ್ಪಿದ ದಿನ ಸಂಘದ ಬಾಗಿಲು ಮುಚ್ಚಿತೆಂದೇ ತಿಳಿಯಬಹುದು.

ಮೈಸೂರು, ಮಂಡ್ಯ ಕಡೆಯ ಊರುಗಳಲ್ಲಿ ಯುಗಾದಿಗೆ ಹೊನ್ನಾರು ಹೂಡುತ್ತಾರೆ. ಹೊಸ ವರ್ಷದ ಮೊದಲ ಉಳುಮೆ. ಎತ್ತುಗಳಿಗೆ ಸಿಂಗಾರ ಮಾಡಿ, ನೇಗಿಲಿಗೆ ಪೂಜೆ ಮಾಡಿ ಊರೆಲ್ಲ ಒಟ್ಟಿಗೆ ಹೊರಡುತ್ತದೆ. ಮೊದಲ ಸಾಲು ಯಾರು ಹೂಡಬೇಕು ಎಂಬುದನ್ನು ಪಂಚಾಂಗ ನೋಡಿ, ಆ ವರ್ಷ ಯಾರ ಹೆಸರಿಗೆ ಕೂಡಿಬರುತ್ತದೋ ಅವರಿಗೆ ಒಪ್ಪಿಸುತ್ತಾರೆ. ಹಣವಿದ್ದವನು ಮೊದಲು ಎಂಬ ಮಾತಿಲ್ಲ, ಜೋರು ಮಾಡಿದವನು ಮೊದಲು ಎಂಬುದೂ ಇಲ್ಲ. ಎಲ್ಲರೂ ಮೊದಲೇ ಒಪ್ಪಿದ ಒಂದು ಕ್ರಮಕ್ಕೆ ಊರು ತಲೆಬಾಗುತ್ತದೆ. ನನ್ನ ಆಸೆ ಇಷ್ಟೇ. ಅದೇ ಯುಗಾದಿಯ ಆಸುಪಾಸಿನಲ್ಲಿ, ಮಳೆ ಇನ್ನೂ ದೂರವಿರುವಾಗ, ಯಾರ ಮನಸ್ಸಿಗೂ ಆತುರ ಹತ್ತದಿರುವಾಗ, ಪ್ರತಿ ಊರಿನ ಸೊಸೈಟಿಯ ಜಗಲಿಯಲ್ಲಿ ಒಂದು ಸಭೆ ಸೇರಲಿ. ಮೊದಲ ವರ್ಷಕ್ಕೆ ಇಡೀ ಊರು ಬೇಡ, ಒಂದೇ ಬಯಲಿನ ಐದಾರು ಮನೆ ಸಾಕು. ದೊಡ್ಡ ಯಂತ್ರವೂ ಬೇಡ, ಒಂದು ಪವರ್ ಟಿಲ್ಲರೋ ಕಳೆ ಕೊಚ್ಚುವ ಯಂತ್ರವೋ ಆದೀತು. ಯಾರಿಗೆ ಎಷ್ಟು ಗಂಟೆ ಬೇಕು, ಯಾರ ಮನೆಯಿಂದ ಎಷ್ಟು ಆಳು ಬರಬಹುದು, ಯಾರ ಸಸಿಮಡಿ ಯಾವ ದಿನ ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಲಿ. ಸರದಿ ನೋಡಿಕೊಳ್ಳುವ ಒಬ್ಬರನ್ನು ನೇಮಿಸಿ, ಅವರ ಮಾತೇ ಕಡೆಯ ಮಾತು ಎಂದು ಒಪ್ಪಿಕೊಳ್ಳಲಿ. ಯಂತ್ರಕ್ಕೆ ಅರ್ಜಿ ಹಾಕುವುದು ಆಮೇಲೆ. ಆ ಹಾಳೆಗೆ ಸಹಿ ಬಿದ್ದ ಊರಿನಲ್ಲಿ ಯಂತ್ರ ತುಕ್ಕು ಹಿಡಿಯುವುದಿಲ್ಲ, ಎರಡೂವರೆ ಎಕರೆಯ ರೈತ ಹದ ತಪ್ಪಿಸಿಕೊಂಡು ಸಾಲಕ್ಕೆ ಬೀಳುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.